ಆರನೆಯ ಬಕೆಟ್ಟಿನ ಸೌತೆ

“ಇವತ್ತೊಂದಿನ ನೀನೇ ನೀರು ಹಾಕಿಬಿಡಮ್ಮ. ಎಡಗೈ ಜೋಮು ಹಿಡಿದುಬಿಟ್ಟಿದೆ,” ಎಂದರು ಮಾವ. ಅಡುಗೆಮನೆಯ ಗಡಿಯಾರದಲ್ಲಿ ಆಗ ಏಳು ಗಂಟೆ ಹತ್ತು ನಿಮಿಷ. ಏನೇ ಆಗಲಿ ಮೊದಲು ಗಡಿಯಾರ ನೋಡುವುದು ನನ್ನ ಚಾಳಿ. ಮನೆಯವರೆಲ್ಲ ಅದಕ್ಕೆ ನಗುತ್ತಾರೆ.

ಹಿತ್ತಲ ಗೋಡೆಯುದ್ದಕ್ಕೂ ಬಣ್ಣದ ಹಳೆಯ ಬಕೆಟ್ಟುಗಳು ಆರು. ಒಂದೊಂದರಲ್ಲೂ ಒಂದೊಂದು ಸೌತೆ ಬಳ್ಳಿ. ಮಾವ ನಲವತ್ತು ವರ್ಷದಿಂದ ದರ್ಜಿ. ಬಳ್ಳಿ ಹಬ್ಬಲು ಕಟ್ಟಿದ ದಾರಗಳೂ ಟೇಪು ಹಿಡಿದು ಕತ್ತರಿಸಿದಂತೆ ಸಮ. ಆ ಗಿಡಗಳನ್ನು ಅವರು ಯಾರ ಕೈಗೂ ಬಿಟ್ಟವರಲ್ಲ. ನನಗೆ ಆಗಲೇ ಸಂಶಯ ಬರಬೇಕಿತ್ತು. ಮಗ್ಗುಲಾಗಿ ಮಲಗಿ ಕೈ ಒತ್ತಿಹೋಗಿರಬೇಕು ಎಂದುಕೊಂಡೆ.

ಅವರು ಹಿತ್ತಲ ಮೆಟ್ಟಿಲ ಮೇಲೆ ಕೂತು ಹುಕುಂ ಶುರುಮಾಡಿದರು.

“ಎಲೆ ಮೇಲೆ ಬೀಳಬಾರದು. ಬುಡಕ್ಕೆ.”

“ಬುಡಕ್ಕೇ ಹಾಕ್ತಿದ್ದೀನಿ ಮಾವ.”

“ಮಗ್ಗು ಕೆಳಗೆ ಹಿಡಿ. ಮೇಲಿಂದ ಸುರಿದ್ರೆ ಬೇರು ಬಿಚ್ಕೊಳ್ಳುತ್ತೆ. ಹೊಲಿಗೆ ಬಿಟ್ರೆ ಮತ್ತೆ ಹಾಕಬಹುದು. ಬೇರು ಬಿಟ್ರೆ ಯಾರು ಹೊಲೀತಾರೆ?”

“ನಿಮ್ಮ ಹತ್ರ ಕೆಲಸ ಕಲಿತೋರು ಹೇಗೆ ತಡ್ಕೊಂಡ್ರೋ.”

ಅವರು ನಕ್ಕ ಸದ್ದು ಕೇಳಲಿಲ್ಲ. ನನ್ನ ಬೆನ್ನು ಅವರ ಕಡೆಗಿತ್ತು.

ಐದು ಬಳ್ಳಿಗೆ ಹುಷಾರಾಗಿ ಹಾಕಿದೆ. ಆರನೆಯದಕ್ಕೆ ಬರುವಷ್ಟರಲ್ಲಿ ಕೈ ಸೋತು, ನೀರು ಎತ್ತರದಿಂದಲೇ ಧಡಕ್ಕನೆ ಬಿತ್ತು. ಮಣ್ಣು ಸರಿದು ಬುಡದಲ್ಲಿ ಗುಳಿಯಾಯಿತು. ಗುಳಿಯೊಳಗೆ ತಿಳಿ ಗುಲಾಬಿ ಬಣ್ಣದ ಚುಕ್ಕಿಗಳು. ಯಾವುದೋ ಹುಳದ ಮೊಟ್ಟೆ ಎಂದುಕೊಂಡು ಒಂದನ್ನು ಬೆರಳಲ್ಲಿ ಎತ್ತಿದೆ. ಅದರ ನಡುವೆ ಗೀಟಿತ್ತು.

ಮಾತ್ರೆ. ಹೋದ ವರ್ಷ ಮಾವನ ಎದೆಬಡಿತ ತಾಳ ತಪ್ಪಿದಾಗ, ರಕ್ತ ಹೆಪ್ಪುಗಟ್ಟದಿರಲೆಂದು ಬರೆದುಕೊಟ್ಟ ಮಾತ್ರೆ. ದಿನಾ ಬೆಳಿಗ್ಗೆ ಕಾಫಿಯ ಜೊತೆ ನಾನೇ ಅದನ್ನು ಅವರ ಅಂಗೈಯಲ್ಲಿಟ್ಟು ಒಲೆಯ ಕಡೆ ತಿರುಗುತ್ತಿದ್ದೆ. ಮಣ್ಣು ಕೆದಕಿದೆ. ಗಟ್ಟಿಯಾಗಿದ್ದವು ಮೂರು, ಅರೆಬರೆ ಕರಗಿದವು ನಾಲ್ಕು. ಉಳಿದದ್ದೆಲ್ಲ ಗುಲಾಬಿ ಕೆಸರು.

“ಔಷಧಿ ಆಯ್ತಾ ಮಾವ?” ಎಂದು ದಿನವೂ ಒಳಗಿನಿಂದಲೇ ಕೇಳುತ್ತಿದ್ದೆ. ಮೊದಮೊದಲು “ತಗೊಂಡೆ” ಅನ್ನುತ್ತಿದ್ದರು. ಮೂರು ವಾರದಿಂದ ಅದು “ಹಾಕಾಯ್ತು” ಆಗಿತ್ತು. ನಾನು ಮುದ್ರಣಾಲಯದಲ್ಲಿ ಅಚ್ಚಿನ ತಪ್ಪು ತಿದ್ದುವವಳು. ಗಿಡಕ್ಕೆ ಔಷಧಿ ಹಾಕುತ್ತಾರೆ, ಮನುಷ್ಯರು ತಗೊಳ್ಳುತ್ತಾರೆ ಎಂದು ಒಮ್ಮೆ ಅನ್ನಿಸಿಯೂ ಇತ್ತು. ಬಾಯಿತಪ್ಪು ಎಂದು ಬಿಟ್ಟಿದ್ದೆ. ಮಾವ ಸುಳ್ಳು ಹೇಳುವವರಲ್ಲ. ಹೇಳಿರಲೂ ಇಲ್ಲ.

“ಮಾವ, ಇದೇನು?”

ಅವರು ಬಲಗೈ ಮುಷ್ಟಿ ಬಿಚ್ಚಿದರು. ಇವತ್ತಿನ ಮಾತ್ರೆ ಬೆವರಿಗೆ ಅಂಟಿಕೊಂಡು ಅಲ್ಲೇ ಇತ್ತು.

“ಸೂಜಿ ಚುಚ್ಚಿದ್ರೆ ರಕ್ತ ನಿಲ್ಲಲ್ಲ ಕಣಮ್ಮ. ಯಾರದೋ ಬಿಳಿ ಅಂಗಿ... ಬಿಳಿ...” ಮುಂದಿನ ಮಾತು ಬಾಯಲ್ಲೇ ಮುದ್ದೆಯಾಯಿತು. ತುಟಿಯ ಎಡತುದಿ ಜೋತುಬಿದ್ದಿತ್ತು. ಸಿಕ್ಕಿಬಿದ್ದ ನಾಚಿಕೆಗೆ ಅವರು ನಗುತ್ತಿದ್ದರು. ಮುಖದ ಅರ್ಧ ಮಾತ್ರ ನಗುತ್ತಿತ್ತು.

ಗಂಡನನ್ನು ಕೂಗಿದ್ದು ನಾನೇ ಇರಬೇಕು. ಅವರು ಗಡ್ಡದ ನೊರೆಯಲ್ಲೇ ಓಡಿಬಂದು ಅಪ್ಪನನ್ನು ಎತ್ತಿ ಕಾರಿಗೆ ಹಾಕಿದರು. ದಾರಿಯುದ್ದಕ್ಕೂ ಮಾವನ ತಲೆಯನ್ನು ಹಿಡಿದು ಕೂತಿದ್ದೆ; ಮಾತ್ರೆಯ ವಿಷಯ ಗಂಡನಿಗೆ ಇನ್ನೂ ಗೊತ್ತಿರಲಿಲ್ಲ. ಉಗುರಿನೊಳಗೆ ಗುಲಾಬಿ ಮಣ್ಣು ಕೂತಿತ್ತು.

ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರಮ್ಮ ಕೇಳಿದರು: “ಯಾವಾಗ ಶುರುವಾಯ್ತು?”

“ಏಳು ಹತ್ತಕ್ಕೆ ಕೈ ಜೋಮು ಅಂದ್ರು.”

“ರಕ್ತ ತೆಳುವಾಗೋ ಮಾತ್ರೆ ಇದೆ ಅಲ್ವಾ? ಕೊನೇ ಸಲ ತಗೊಂಡಿದ್ದು?”

“ಒಂದು ದಿನಾನೂ ತಪ್ಪಿಲ್ಲ,” ಎಂದರು ನನ್ನ ಗಂಡ. “ಇವಳೇ ಕೈಯಾರೆ ಕೊಡ್ತಾಳೆ.”

ಡಾಕ್ಟರಮ್ಮನ ಪೆನ್ನು ನಿಂತಿತು. “ಹಾಗಿದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋಕಾಗಲ್ಲ. ತಲೆಯೊಳಗೆ ರಕ್ತ ಸೋರಿದ್ರೆ ಕಷ್ಟ.”

“ತಗೊಂಡಿಲ್ಲ,” ಎಂದೆ. “ಮೂರು ವಾರದಿಂದ ತಗೊಂಡಿಲ್ಲ. ಸೌತೆ ಬುಡಕ್ಕೆ ಹಾಕಿದ್ದಾರೆ.”

ಗಂಡ ನನ್ನನ್ನು ನೋಡಿದ ಆ ನೋಟವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. “ದಿನಾ ಕೊಡ್ತೀನಿ ಅಂತಿದ್ದೆಯಲ್ಲೇ?”

“ಕೊಡ್ತಿದ್ದೆ. ನೋಡ್ತಿರಲಿಲ್ಲ.”

“ಖಚಿತವಾಗಿ ಹೇಳ್ತಿದ್ದೀರಾ?” ಎಂದರು ಡಾಕ್ಟರಮ್ಮ. “ನಿನ್ನೆ ಮೊನ್ನೆ ಒಂದೇ ಒಂದು ತಗೊಂಡಿದ್ರೂ ಲೆಕ್ಕ ಬೇರೆ.”

ಏಳು ಮಾತ್ರೆ ಕಂಡಿದ್ದೆ. ಕೆಸರಿನಲ್ಲಿ ಎಷ್ಟಿದ್ದವೋ ಯಾರು ಬಲ್ಲರು. ನಾನು ಮಾವನ ಕಿವಿಗೆ ಬಗ್ಗಿದೆ. ಎರಡರ್ಥ ಬರದ ಮಾತು ಬೇಕಿತ್ತು.

“ಮಾವ, ಈ ವಾರ ಒಂದಾದ್ರೂ ಮಾತ್ರೆ ನುಂಗಿದ್ರಾ?”

ಅವರು ನನ್ನನ್ನೇ ನೋಡಿದರು. ತಲೆ ಮೆಲ್ಲಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿತು. ಕಣ್ಣಂಚಿನಿಂದ ನೀರು ಇಳಿಯಿತು.

ತಲೆಯ ಸ್ಕ್ಯಾನಿನಲ್ಲಿ ರಕ್ತ ಸೋರಿದ್ದು ಕಾಣಲಿಲ್ಲ, ಮಾತ್ರೆಯ ಪ್ರಭಾವ ಉಳಿದಿಲ್ಲ ಎಂದು ರಕ್ತದ ಪರೀಕ್ಷೆಯೂ ಹೇಳಿತು. ಎಂಟೂ ಇಪ್ಪತ್ತೈದಕ್ಕೆ ಇಂಜೆಕ್ಷನ್ ಕೊಟ್ಟರು. ಗಂಡ ಕಿಟಕಿಯ ಬಳಿ ನಿಂತುಬಿಟ್ಟರು, ಒಣಗಿದ ನೊರೆ ಕೆನ್ನೆಯಲ್ಲೇ ಇತ್ತು. ನಾನು ಮಂಚದ ಪಕ್ಕ ಕೂತು ಹಾಸಿಗೆಯ ಮೇಲೆ ಬಿದ್ದಿದ್ದ ಎಡಗೈಯನ್ನು ಕಾಯುತ್ತಿದ್ದೆ.

ಒಂಬತ್ತೂವರೆ ದಾಟಿದ ಮೇಲೆ ಹೆಬ್ಬೆರಳು ಒಮ್ಮೆ ಅಲ್ಲಾಡಿದಂತಾಯಿತು. ನಾನು ಯಾರಿಗೂ ಹೇಳಲಿಲ್ಲ. ಇನ್ನೊಮ್ಮೆ ಅಲ್ಲಾಡಲಿ ಎಂದು, ರೆಪ್ಪೆ ಮುಚ್ಚದೆ ಕೂತೆ.