ಎಜ್ರಾ ಕಿತ್ತು ತಂದ ಹೋಂ ಪ್ಲೇಟ್

ನಾನು ಒಂದು ಹೋಂ ಪ್ಲೇಟ್. ಹೆಸರು ಕೇಳಿ ಊಟದ ತಟ್ಟೆ ಎಂದುಕೊಳ್ಳಬೇಡಿ. ಐದು ಮೂಲೆಯ ಬಿಳಿ ರಬ್ಬರ್ ಹಲಗೆ ನಾನು. ಬೇಸ್‌ಬಾಲ್ ಆಟಗಾರ ನನ್ನ ಪಕ್ಕ ನಿಂತು ಚೆಂಡು ಹೊಡೆಯುತ್ತಾನೆ. ಮೈದಾನ ಸುತ್ತಿ ಬಂದು ನನ್ನನ್ನು ಮುಟ್ಟಿದರೆ ಒಂದು ರನ್. ಅಷ್ಟರೊಳಗೆ ನನ್ನ ಹಿಂದೆ ಕೂತ ಕ್ಯಾಚರ್ ಚೆಂಡು ಹಿಡಿದು ಅವನಿಗೆ ತಾಗಿಸಿದರೆ ಔಟ್.

ನಾನು ಹುಟ್ಟಿದ್ದು ೧೯೩೧ರಲ್ಲಿ, ಅಮೆರಿಕದ ಒಂದು ರಬ್ಬರ್ ಕಾರ್ಖಾನೆಯಲ್ಲಿ. ಅಲ್ಲಿಂದ ಓಹಾಯೊ ನದಿ ದಂಡೆಯ ಮಾರ್ಲೋ ನಗರಕ್ಕೆ ಬಂದೆ. ಆ ಊರಿನ ವೃತ್ತಿಪರ ತಂಡ ರಿವರ್‌ಮೆನ್. ಅದರ ಮೈದಾನದಲ್ಲಿ ನನ್ನನ್ನು ಮಣ್ಣಿಗೆ ಸಮವಾಗಿ ಹೂತವನು ಎಜ್ರಾ ಪೆಟ್‌ವೇ, ಇಪ್ಪತ್ತೈದರ ಕಪ್ಪು ಯುವಕ, ಮೈದಾನ ನೋಡಿಕೊಳ್ಳುವವನು.

ರಿವರ್‌ಮೆನ್ ತಂಡದಲ್ಲಿ ಬಿಳಿಯರಿಗೆ ಮಾತ್ರ ಜಾಗ. ಅವರು ಪರ ಊರಿಗೆ ಹೋದಾಗ ಮೈದಾನವನ್ನು ಕಪ್ಪು ಜನರ ತಂಡ ಬ್ಲೂ ಹಾಕ್ಸ್‌ಗೆ ಬಾಡಿಗೆಗೆ ಕೊಡುತ್ತಿದ್ದರು. ಬಟ್ಟೆ ಬದಲಿಸುವ ಕೋಣೆಗೆ ಮಾತ್ರ ಬೀಗ. ಆಟಗಾರರು ಬಸ್ಸಿನಲ್ಲೇ ಬಟ್ಟೆ ಬದಲಿಸಿ ಬರುತ್ತಿದ್ದರು. ಅವರ ಕ್ಯಾಚರ್ ಇದೇ ಎಜ್ರಾ. ಅವನು ನನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕೂತರೆ ಒಂದು ಚೆಂಡೂ ಜಾರುತ್ತಿರಲಿಲ್ಲ.

ಒಮ್ಮೆ ರಿವರ್‌ಮೆನ್ ಮ್ಯಾನೇಜರ್ ಹೊರೇಸ್ ಗ್ರಿಯರ್ ಅವನ ಆಟ ನೋಡಿದ. "ನೀನು ಬಿಳಿಯನಾಗಿದ್ದಿದ್ರೆ ಇವತ್ತೇ ತಂಡಕ್ಕೆ ತಗೋತಿದ್ದೆ ಕಣೋ," ಎಂದ. ಹೊಗಳಿದೆ ಎಂದೇ ಅವನ ಭಾವನೆ.

"ಹೌದು ಸರ್," ಎಂದ ಎಜ್ರಾ. ಆ ಸಂಜೆ ಅವನು ನನ್ನನ್ನು ಉಜ್ಜಿದ ರಭಸಕ್ಕೆ ಬ್ರಷ್ಷಿನ ಕೂದಲು ಉದುರಿದವು.

೧೯೪೮ರಲ್ಲಿ ರಿವರ್‌ಮೆನ್ ಮೊದಲ ಬಾರಿಗೆ ಒಬ್ಬ ಕಪ್ಪು ಆಟಗಾರನನ್ನು ತೆಗೆದುಕೊಂಡಿತು. ಹೆಸರು ವರ್ನನ್ ಟಿಲ್‌ಮನ್. ಎಜ್ರಾನ ಮಂಡಿಗಳು ಅಷ್ಟರಲ್ಲಿ ಸವೆದುಹೋಗಿದ್ದವು. ವರ್ನನ್ ಪಕ್ಕದಲ್ಲಿ ಸ್ವಂತ ತಂಡದವರೇ ಕೂರುತ್ತಿರಲಿಲ್ಲ. ಎದುರಾಳಿ ಕ್ಯಾಚರ್‌ಗಳು ಅವನ ಬೂಟಿಗೆ ಗುರಿಯಿಟ್ಟು ಉಗುಳುತ್ತಿದ್ದರು. ಗುರಿ ತಪ್ಪಿದ್ದೆಲ್ಲ ನನ್ನ ಮೇಲೆ. ಯಾರೇ ಏನೇ ಅಂದರೂ ತುಟಿ ಬಿಚ್ಚಕೂಡದೆಂದು ಅವನಿಗೆ ಕ್ಲಬ್ಬಿನ ಕಟ್ಟಪ್ಪಣೆ.

ಮೇ ತಿಂಗಳ ಒಂದು ಮಧ್ಯಾಹ್ನ. ಎರಡೂ ತಂಡಗಳದ್ದು ಸಮ ಸಮ ರನ್. ವರ್ನನ್ ಓಡಿ ಬಂದು ಮಣ್ಣಿನ ಮೇಲೆ ಜಾರಿದ. ಅವನ ಎಡಗೈ ನನ್ನ ಮೂಲೆಗೆ ಬಡಿಯಿತು. ಆಮೇಲಷ್ಟೇ ಎದುರಾಳಿ ಕ್ಯಾಚರ್‌ನ ಚೆಂಡು ಹಿಡಿದ ಗ್ಲೌಸು ಅವನ ಬೆನ್ನಿಗೆ ತಾಗಿತು.

"ಔಟ್!" ಎಂದ ಅಂಪೈರ್.

ಸ್ಟೇಡಿಯಂ ಕುಣಿಯಿತು. ತಮ್ಮೂರಿನ ತಂಡಕ್ಕೇ ನಷ್ಟವಾದರೂ ಕುಣಿಯಿತು! ತನ್ನ ಆಟಗಾರನ ಪರ ವಾದಿಸಬೇಕಾದ ಮ್ಯಾನೇಜರ್ ಗ್ರಿಯರ್ ಕೂತ ಬೆಂಚಿನಿಂದ ಏಳಲಿಲ್ಲ. ನನಗೆ ಬಾಯಿಲ್ಲ.

ಅಂಚಿನಲ್ಲಿ ನಿಂತಿದ್ದ ಎಜ್ರಾ ಮೈದಾನದೊಳಗೆ ಬಂದ. "ಕೈ ಮೊದಲು ತಾಗಿದೆ."

"ನಿನ್ನನ್ನ ಯಾರು ಕೇಳಿದ್ರು? ಹೋಗಿ ನೆಲ ಗುಡಿಸು," ಎಂದ ಅಂಪೈರ್.

ಎಜ್ರಾ ಹೋದ. ಸಲಿಕೆ ಹಿಡಿದು ವಾಪಸು ಬಂದ. ನನ್ನ ಸುತ್ತ ಅಗೆಯತೊಡಗಿದ. ಮೊದಲು ಜನ ನಕ್ಕರು. ನಂತರ ಬೈದರು. ಆಮೇಲೆ ಬಾಟಲಿಗಳು ಹಾರಿಬಂದವು. ಒಂದು ಅವನ ಹುಬ್ಬು ಸೀಳಿತು.

ಗ್ರಿಯರ್ ಈಗ ಓಡೋಡಿ ಬಂದ. "ಏಯ್, ತಲೆ ಕೆಟ್ಟಿದೆಯೇನೋ? ಬಿಡೋ ಅದನ್ನ!"

"ಮುಟ್ಟಿದ್ದು ಲೆಕ್ಕಕ್ಕಿಲ್ಲ ಅಂದ ಮೇಲೆ ಇದು ಇಲ್ಲಿ ಯಾಕೆ?" ಎಂದ ಎಜ್ರಾ. 'ಸರ್' ಅನ್ನಲಿಲ್ಲ.

ವರ್ನನ್ ತಗ್ಗಿದ ದನಿಯಲ್ಲಿ, "ಬಿಟ್ಟುಬಿಡಿ, ಒಂದು ರನ್ ತಾನೇ," ಎಂದ.

"ನಿನಗೆ ಒಂದು ರನ್ನಪ್ಪ. ನನಗೆ ಹದಿನೇಳು ವರ್ಷ."

ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಗೇಟು ದಾಟಿದ. ಆಟ ನಿಂತೇಹೋಗುತ್ತದೆಂದು ನಾನು ಬೀಗಿದ್ದೆ. ಹತ್ತು ನಿಮಿಷದಲ್ಲಿ ಬೇರೆ ಪ್ಲೇಟ್ ಹೂತು ಮುಂದುವರಿಸಿದರಂತೆ. ಎಜ್ರಾನ ಕೆಲಸ ಹೋಯಿತು. ಎರಡು ದಿನ ಲಾಕಪ್ಪಿನಲ್ಲಿದ್ದ. ನಾನು ಅವನ ಮನೆಯ ಹಿಂಬಾಗಿಲಿಗೆ ಮೆಟ್ಟಿಲಾದೆ.

ಮುಂದಿನ ವರ್ಷಗಳಲ್ಲಿ ಒಳ್ಳೆಯ ಕಪ್ಪು ಆಟಗಾರರನ್ನೆಲ್ಲ ಬಿಳಿಯರ ದೊಡ್ಡ ತಂಡಗಳು ಆರಿಸಿಕೊಂಡವು. ಬ್ಲೂ ಹಾಕ್ಸ್ ಮುಚ್ಚಿಹೋಯಿತು. ಆಮೇಲೆ ರಿವರ್‌ಮೆನ್ ಒಡೆಯನೂ ಊರಿಗೆ ಒಂದು ಮಾತು ಹೇಳದೆ ತಂಡವನ್ನು ಪಶ್ಚಿಮದ ಕಡೆ ಸಾಗಿಸಿದ. ಮೈದಾನ ಕಾರು ನಿಲ್ಲಿಸುವ ಜಾಗವಾಯಿತು. ಮಾರ್ಲೋ ಅತ್ತಿತು. ಎಜ್ರಾ ಅಳಲಿಲ್ಲ.

ನಲವತ್ತು ವರ್ಷದ ಮೇಲೆ ನಗರದ ವಸ್ತುಸಂಗ್ರಹಾಲಯದಿಂದ ಒಬ್ಬರು ಬಂದರು. "ಪೆಟ್‌ವೇ ಅವರೇ, ನಮ್ಮೂರಿನ ಬೇಸ್‌ಬಾಲ್ ಚರಿತ್ರೆಯ ಪ್ರದರ್ಶನ ಮಾಡ್ತಿದ್ದೀವಿ. ಈ ಪ್ಲೇಟ್ ದಯವಿಟ್ಟು ಕೊಡಬೇಕು."

"ಅವತ್ತಿನ ಆಟದ ದಾಖಲೆಯಲ್ಲಿ ವರ್ನನ್ ರನ್ ಸೇರಿಸ್ತೀರಾ?"

"ದಾಖಲೆ ತಿದ್ದೋಕಾಗಲ್ಲ, ಸರ್."

"ಹಾಗಾದ್ರೆ ನೀವು ಹೊರಡಿ."

ಬಾಗಿಲು ಮುಚ್ಚಿದ ಮೇಲೆ ಹೆಂಡತಿ ಒಡೆಸ್ಸಾ ಕೇಳಿದಳು: "ಅಷ್ಟು ಮರ್ಯಾದೆ ಕೊಟ್ಟು ಕೇಳಿದ್ರಲ್ರೀ?"

"ಮರ್ಯಾದೆ ಬೇಕಾಗಿದ್ದಾಗ ಮಂಡಿ ಗಟ್ಟಿಯಿತ್ತು," ಎಂದ ಎಜ್ರಾ.

ಅವನು ತೀರಿಕೊಂಡ. ಒಡೆಸ್ಸಾ ನನ್ನ ಮೇಲೆ ಬೂಟಿನ ಕೆಸರು ಒರೆಸುತ್ತಾಳೆ. ಬಿರುಕು ಬಿಟ್ಟಿದ್ದೇನೆ, ಬಿಳಿ ಬಣ್ಣ ಎಂದೋ ಹೋಗಿದೆ. ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿ ನನ್ನ ಬದಲಿಗೆ ಅಂಗಡಿಯಿಂದ ತಂದ ಪ್ಲೇಟ್ ಇಟ್ಟಿದ್ದಾರಂತೆ. ಬೆಳ್ಳಗೆ ಹೊಳೆಯುತ್ತದಂತೆ. ಅದನ್ನು ಇದುವರೆಗೆ ಯಾರ ಕೈಯೂ ಮುಟ್ಟಿಲ್ಲ.