ಬೆಂಕಿ ಇಲ್ಲದ ಕೋಣೆಯ ವಿಷ

2015ರ ಏಪ್ರಿಲ್. ಇಂಗ್ಲೆಂಡಿನ ಕ್ವೀನ್ಸ್‌ಬರಿಯ ಗುಲಾಬಿಯವರಿಗೆ ಆ ಶನಿವಾರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೂರು ದಿನದಿಂದ ಮೊಮ್ಮಗಳು ತೃಷಾಳಿಗೆ ತಲೆನೋವು, ವಾಂತಿ. ಶಾಲೆಗೆ ಹೋದರೆ ಕಡಿಮೆ, ಮನೆಗೆ ಬಂದರೆ ಮತ್ತೆ ಶುರು. ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆದದ್ದೂ ಆಯಿತು.

ಎದುರುಮನೆಯ ನರ್ಸ್ ವತ್ಸಲಾ ವಿಚಾರಿಸಲು ಬಂದಳು. ಅಡುಗೆಮನೆಯ ವಿಷಾನಿಲ ಅಲಾರಂ ಖಾಲಿ ಡಬ್ಬಿಯಾಗಿ ಬಿದ್ದಿತ್ತು.

"ಆಂಟಿ, ಇದರ ಬ್ಯಾಟರಿ ಎಲ್ಲಿ?"

"ತೆಗೆದಿಟ್ಟೆ ಮಾರಾಯ್ತಿ. ಬಿಸಿಲು ಬಂತು ಅಂತ ಹೀಟಿಂಗ್ ಆಫ್ ಮಾಡಿದ್ದೇವೆ. ಆದ್ರೂ ಕೂಗ್ತಾ ಇತ್ತು. ಹಾಳಾಗಿದೆ ಅದು."

ವತ್ಸಲಾ ಪಕ್ಕದ ಪುಟ್ಟ ಕೋಣೆಯತ್ತ ನೋಡಿದಳು. ಮನೆ ಬೆಚ್ಚಗಿಡುವ ಬಾಯ್ಲರಿಗೆ ಹಾಕುವ ಪೆಲೆಟ್, ಅಂದರೆ ಮರದ ಪುಡಿ ಒತ್ತಿ ಮಾಡಿದ ಗುಳಿಗೆಗಳ ಹೊಸ ಲೋಡು ಅದೇ ವಾರ ಅಲ್ಲಿ ಬಂದು ಬಿದ್ದಿತ್ತು.

"ಗಾಳಿಕಿಂಡಿ ತೆರೆದಿದೆ ತಾನೇ?"

"ತೆರೆದಿಟ್ರೆ ಥಂಡಿ ಹೊಡೆಯುದಿಲ್ವಾ? ಕುಂದಾಪುರದಲ್ಲಿ ಮಳೆಗಾಲಕ್ಕೆ ಸೌದೆ ಮುಚ್ಚಿಡುವ ಹಾಗೆ, ಹಳೇ ಸೀರೆ ತುರುಕಿದ್ದೇನೆ."

"ಎಲ್ರೂ ಹೊರಗೆ ಬನ್ನಿ! ಈಗ್ಲೇ!"

"ಬೆಂಕಿ ಇಲ್ಲ, ಹೊಗೆ ಇಲ್ಲ. ಎಂತಕ್ಕೆ ಗಾಬರಿ?"

"ಪೆಲೆಟ್ ಸುಮ್ನೆ ಬಿದ್ದಿದ್ರೂ ಕಾರ್ಬನ್ ಮಾನಾಕ್ಸೈಡ್ ಬಿಡತ್ತೆ ಆಂಟಿ. ವಾಸನೆನೇ ಇಲ್ಲ. ಗಾಳಿ ಆಡದಿದ್ರೆ ಮನೆಯೊಳಗೇ ನುಗ್ಗತ್ತೆ."

ಗುಲಾಬಿಯ ಗಂಡ ಉಮಾನಾಥರು "ಸೀರೆ ಎಳೆದು ಬರ್ತೇನೆ" ಎಂದು ಆ ಕೋಣೆಯ ಬಾಗಿಲಿಗೆ ಕೈಹಾಕಿದರು. ವತ್ಸಲಾ ಅವರ ತೋಳು ಹಿಡಿದೆಳೆದಳು. "ಒಳಗೆ ಹೋದ್ರೆ ಅಲ್ಲೇ ಬೀಳ್ತೀರಿ ಅಂಕಲ್!"

ಗುಲಾಬಿಯದು ಇನ್ನೂ ಅದೇ ವಾದ. ಅಷ್ಟರಲ್ಲಿ ಮಹಡಿಯಿಂದ ಇಳಿದು ಬಂದ ತೃಷಾ "ಅಜ್ಜಿ, ಐ ಫೀಲ್ ಡಿಜ್ಜಿ" ಎಂದವಳೇ ಕುಸಿದಳು. ಗುಲಾಬಿ ಮಗುವನ್ನು ಬಾಚಿಕೊಂಡು ಬರಿಗಾಲಲ್ಲೇ ಬೀದಿಗೆ ಓಡಿದರು. ಉಮಾನಾಥರನ್ನೂ ಹೊರಡಿಸಿಕೊಂಡು ಬಂದ ವತ್ಸಲಾ ತುರ್ತು ಸೇವೆಯ 999ಕ್ಕೆ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಸಂಜೆಯ ಹೊತ್ತಿಗೆ ತೃಷಾ ಚೇತರಿಸಿಕೊಂಡಳು. "ನನ್ನ ಹಟಕ್ಕೆ ಮಗು ಹೋಗಿಬಿಡ್ತಿತ್ತು" ಎಂದು ಗುಲಾಬಿ ವತ್ಸಲಾಳ ಕೈಹಿಡಿದು ಅತ್ತರು.

ಪೆಲೆಟ್ ಒಳ್ಳೆಯ ಉರುವಲೇ, ಅದರ ಮೇಲೆ ನಮಗೇನೂ ಕೋಪವಿಲ್ಲ. ಆದರೆ ಅದನ್ನಿಟ್ಟ ಕೋಣೆಯ ಗಾಳಿಕಿಂಡಿ ಮುಚ್ಚಬೇಡಿ, ಆ ಕೋಣೆಯೊಳಗೆ ನೀವಾಗಿ ಹೋಗಬೇಡಿ, ಅಲಾರಮ್ಮಿನ ಬ್ಯಾಟರಿ ತೆಗೆಯಬೇಡಿ. ಅದು ಕೂಗಿದರೆ ಮೊದಲು ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ. ನಂಬಿಕೆ ಬರದಿದ್ದರೆ ವಾದ ಮಾಡಿ, ಬೇಡವೆನ್ನುವುದಿಲ್ಲ. ಬೀದಿಯಲ್ಲಿ ನಿಂತು ಮಾಡಿ.