ಅರ್ಲೀನ್ ಇಳಿದ ಗುರುತು

೧
ಎಲ್ಲಿಂದ ಶುರುಮಾಡಲಿ? ಅಜ್ಜಿಯಾಗಿದ್ದರೆ ಆಕಾಶದಿಂದ ಶುರುಮಾಡುತ್ತಿದ್ದಳು: ರೆಕ್ಕೆಯ ಹುಡುಗಿಯೊಬ್ಬಳು ನಮ್ಮ ದ್ವೀಪಕ್ಕೆ ಇಳಿದಳು ಅಂತ. ನಾನು ನೆಲದಿಂದ ಶುರುಮಾಡುತ್ತೇನೆ. ಇಳಿಯುವ ವಿಮಾನದ ಗಾಲಿ ತಿರುಗುತ್ತಿರುವುದಿಲ್ಲ. ಕಾಂಕ್ರೀಟಿಗೆ ಉಜ್ಜಿ, ಹೊಗೆಯೆದ್ದು, ಒಂದಿಷ್ಟು ರಬ್ಬರನ್ನು ನೆಲಕ್ಕೆ ಬಿಟ್ಟ ಮೇಲೆಯೇ ಅದು ಉರುಳುವುದು. (ಒಣ ಆರಂಭ. ಇರಲಿ, ಮಳೆ ಬರಲಿದೆ.)

೨
ಇಸಿದ್ರಾಳ ಮಗಳು ಪೈಲಟ್ ಅರ್ಲೀನ್ ವಿಮಾನ ಇಳಿಸಿ, ಅಮ್ಮನಿಗೆ ಕೈಬೀಸಿದಳು— ಇಷ್ಟಕ್ಕೇ ಮುಗಿಸಬೇಕೆಂದಿದ್ದೆ. ಆದರೆ ಅರ್ಲೀನ್ ಮನಿಲಾದಲ್ಲಿ ಡೆಂಗಿಯಿಂದ ತೀರಿಕೊಂಡಳು. ಶವಪೆಟ್ಟಿಗೆ ಇವತ್ತು ಸಂಜೆಯ ವಿಮಾನದಲ್ಲಿ ಬರುತ್ತಿದೆ.

"ಬರೆಯೋಳು ನೀನೇ ಅಲ್ವೇನೇ? ಜ್ವರ ಇಳಿಸು," ಎಂದಳು ಇಸಿದ್ರಾ.

"ಆಗಲ್ಲ, ಮನಾಂಗ್," ಎಂದೆ. ಹಿರಿಯಕ್ಕನಂಥವರನ್ನು ನಾವು ಕರೆಯುವುದು ಹಾಗೆ.

"ಮತ್ಯಾಕೆ ಬರೀತೀಯ?"

(ಮುಂದಿನ ಅಂಕಿ ಹಾಕಿದೆ.)

೩
ರನ್‌ವೇಗೆ ಅಂಟಿದ ರಬ್ಬರನ್ನು ರಭಸದ ನೀರು ಹೊಡೆದು ಕೀಳುವುದು ಟೆರ್ಯೊನ ಕೆಲಸ. ಅದು ಹಾಗೇ ಉಳಿದು ಮೇಲೆ ಮಳೆ ಬಿದ್ದರೆ ಗಾಲಿ ಜಾರುತ್ತದೆ. ಅವನ ನೀರಿನ ಲಾರಿಗೆ ಇಸಿದ್ರಾ ಅಡ್ಡ ನಿಂತಿದ್ದಾಳೆ. ಸಾವಾದ ಮನೆಯಲ್ಲಿ ಹೂಳುವ ತನಕ ನಾವು ಪೊರಕೆ ಮುಟ್ಟುವುದಿಲ್ಲ.

"ಇದೇನು ನಿನ್ನ ಮನೆಯಾ, ಮನಾಂಗ್?" ಎಂದ ಟೆರ್ಯೊ.

"ಮನೆಗಿಂತ ಜಾಸ್ತಿ ಇಲ್ಲಿಗೇ ಬರ್ತಿದ್ಳು. ನಡುಗೆರೆಯಿಂದ ಎಡಕ್ಕೆ ನೋಡು, ಆ ಸೊಟ್ಟ ಗೀರು ಅವಳದ್ದೇ."

"ಅದರ ಮೇಲೆ ಯಾರ್ಯಾರು ಇಳಿದಿದಾರೋ!"

"ಸೊಟ್ಟಗೆ ಇಳಿಸೋಳು ಅವಳೊಬ್ಬಳೇ ಕಣೋ. 'ಏಡಿ ಬಂತು' ಅಂತ ನೀನೇ ಆಡ್ಕೋತಿದ್ದೆ."

ಟೆರ್ಯೊ ಟೋಪಿ ತೆಗೆದ. "ಮೋಡ ನೋಡು. ಸಂಜೆ ವಿಮಾನದಲ್ಲಿ ಬರ್ತಿರೋಳು ಯಾರು, ಹೇಳು?"

೪
ಮುಕ್ತಾಯ: ಗೀರು ಉಳಿಯಿತು. ಮಳೆ ಬಂತು. ವಿಮಾನ ಜಾರಿ— (ಹರಿದೆ.)

ಮುಕ್ತಾಯ: ಮಳೆಯೇ ಬರಲಿಲ್ಲ. (ಇಸಿದ್ರಾ ಆಕಾಶ ನೋಡಿ ನಕ್ಕುಬಿಟ್ಟಳು. ನಮ್ಮ ಜುಲೈ ಅವಳಿಗೆ ಗೊತ್ತು.)

ನಾನು ಬರೆಯದೇ ನಡೆದದ್ದು: ಅವಳು ಪಕ್ಕಕ್ಕೆ ಸರಿದಳು. "ಆ ಗೀರಷ್ಟು ಮಾತ್ರ ನಾನು ತೊಳೀತೀನಿ," ಎಂದು ಪೈಪು ಇಸಿದುಕೊಂಡಳು. ಟೆರ್ಯೊ ಹಿಂದಿನಿಂದ ಪೈಪನ್ನು ಬಿಗಿಯಾಗಿ ಹಿಡಿದ. ಕಪ್ಪು ನೀರು ಅವಳ ಚಪ್ಪಲಿಗಳ ಮೇಲೆ ಹರಿದುಹೋಯಿತು.

೫
ಮಳೆಯೊಳಗೆ ವಿಮಾನ ಕಾಣುತ್ತಿದೆ. ನಾನು ಅದನ್ನು ಮೇಲೆಯೇ ಸುತ್ತಿಸುತ್ತಿದ್ದೇನೆ. ಗಾಲಿ ನೆಲ ಮುಟ್ಟುವವರೆಗೆ ಆ ಪೆಟ್ಟಿಗೆಯನ್ನು ಯಾರೂ ಇಳಿಸುವಂತಿಲ್ಲ. ಕಥೆಗಾರ್ತಿಗೆ ಇಷ್ಟಾದರೂ ಅಧಿಕಾರ ಬೇಡವೇ?

"ಇಳಿಸೇ," ಎಂದಳು ಇಸಿದ್ರಾ.

"ಇನ್ನೊಂದು ಸುತ್ತು, ಮನಾಂಗ್."

"ಮೇಲೆ ಚಳಿ ಇರುತ್ತೆ. ಅವಳಿಗೆ ಆಗಲ್ಲ."

ಗಾಲಿಗಳು ಹೊರಬಂದಿವೆ. ನೆಲ ಸ್ವಚ್ಛವಾಗಿದೆ. ಇಸಿದ್ರಾ ತನ್ನ ಒದ್ದೆ ಕೈಯನ್ನು ನನ್ನ ಕೈಮೇಲಿಟ್ಟು ಕೆಳಕ್ಕೆ ಒತ್ತುತ್ತಿದ್ದಾಳೆ. ನಾನು ಪೆನ್ನನ್ನು ಕಾಗದಕ್ಕೆ ತಾಗದಂತೆ ಎತ್ತಿ ಹಿಡಿದಿದ್ದೇನೆ,